ಪಟ್ಟಿಯಲ್ಲಿ ಇಲ್ಲದ ಮಾವ

ಮಾವನ ಅಂಗಿಯ ಕುತ್ತಿಗೆ ಗುಂಡಿ ಯಾವಾಗಲೂ ಹಾಕಿಯೇ ಇರುತ್ತಿತ್ತು. ಮೇ ತಿಂಗಳ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲೂ ಅದನ್ನು ಬಿಚ್ಚಿದವರಲ್ಲ. ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಆ ಬಿಳಿ ಗುಂಡಿ ಮಾತ್ರ ಗಂಟಲಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಠಾಣೆಯ ನೌಪಾಡಾದ ಹೋಟೆಲಿನಲ್ಲಿ ಅವರು ಮ್ಯಾನೇಜರ್. ಕೈಕೆಳಗಿನವರು ಅವರ ಮುಖ ನೋಡುತ್ತಿರಲಿಲ್ಲ, ಗುಂಡಿ ನೋಡುತ್ತಿದ್ದರು.

ಅವರು ನನ್ನ ತಾಯಿಯ ಅಣ್ಣ. ಮದುವೆಯಾಗಲಿಲ್ಲ. ಅಪ್ಪ ತೀರಿದ ಮೇಲೆ ಉಡುಪಿ ಕಡೆಯಿಂದ ನನ್ನನ್ನು ಠಾಣೆಗೆ ಕರೆತಂದು ಸಾಕಿದರು. ನಮ್ಮದು ಅಳಿಯಸಂತಾನ, ಮನೆಗೆ ಮಾವನೇ ಯಜಮಾನ, ಅಪ್ಪ ಬದುಕಿದ್ದರೂ ಮಾವನ ಮಾತೇ ಕಡೆಯದು. ಇದನ್ನು ಯಾರಿಗೂ ವಿವರಿಸಬೇಕಾಗಿ ಬಂದಿರಲಿಲ್ಲ, ನಾನು ಜೈಲಿಗೆ ಹೋಗುವವರೆಗೆ.

ನವಿ ಮುಂಬಯಿಯ ಒಂದು ಗೋದಾಮಿನಲ್ಲಿ ನನ್ನ ಕೆಲಸ. ಕಳುಹಿಸದ ಮಾಲನ್ನು ಕಳುಹಿಸಿದ್ದೇನೆ ಎಂದು ಕಂಪ್ಯೂಟರಿನಲ್ಲಿ ಸುಳ್ಳು ಬರೆದೆ ಎಂಬುದು ನನ್ನ ಮೇಲಿನ ದೂರು. ಬರೆದವರು ಬೇರೆ ಎಂದು ಕೋರ್ಟು ಆಮೇಲೆ ಒಪ್ಪಿತು. ಅಲ್ಲಿಯವರೆಗೆ ಒಳಗಿದ್ದೆ.

ಜೈಲಿನ ಭೇಟಿಯೂ ಕಂಪ್ಯೂಟರಿನ ಕೈಯಲ್ಲಿತ್ತು. ಕಿಟಕಿಯ ಗುಮಾಸ್ತ ಸಂಬಂಧ ಕೇಳುತ್ತಾನೆ, ಪರದೆಯ ಪಟ್ಟಿಯಲ್ಲಿ ಒತ್ತುತ್ತಾನೆ, ಚೀಟಿ ಬರುತ್ತದೆ. ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ವಕೀಲ. ಮಾವ ಇರಲಿಲ್ಲ. ಗುಮಾಸ್ತ ಕೆಟ್ಟವನಲ್ಲ. ಬಾಪ್ ಎಂದು ಒತ್ತುತ್ತೇನೆ ಕಾಕಾ, ನೋಡಿ ಬನ್ನಿ, ಯಾರು ಕೇಳುತ್ತಾರೆ ಎಂದನಂತೆ. ಮಾವ ಒಪ್ಪಲಿಲ್ಲ. ಮುಂದಿನ ಭೇಟಿಯ ದಿನ ಮತ್ತೆ ಹೋದರು, ಮತ್ತೆ ಮಾಮಾ ಎಂದೇ ಹೇಳಿದರು, ಮತ್ತೆ ಹಿಂದಿರುಗಿದರು. ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು, ನನಗೆ ಬೇರೆ ಯಾರೂ ಇರಲಿಲ್ಲ. ಒಳಗೆ ಬೇರೆಯವರ ಹೆಸರು ಕೂಗುವುದನ್ನು ಕೇಳುತ್ತ ಕುಳಿತಿರುತ್ತಿದ್ದೆ. ಅಪ್ಪ ಎಂದೇ ಹೇಳಲಿ ಎಂದು ವಕೀಲರ ಮೂಲಕ ಹೇಳಿಕಳಿಸಿದೆ. ಅದಕ್ಕೂ ಮಾವ ಒಪ್ಪಲಿಲ್ಲ.

ವಿಚಾರಣೆಗೆ ನನ್ನನ್ನು ಕೋರ್ಟಿಗೆ ಒಯ್ಯಲಿಲ್ಲ, ಜೈಲಿನ ಕೋಣೆಯೊಂದರಲ್ಲಿ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಎದುರಿನ ಟಿವಿಯಲ್ಲಿ ಕೋರ್ಟು ಕಾಣುತ್ತಿತ್ತು. ಹಿಂದಿನ ಬೆಂಚಿನಿಂದ ಬಿಳಿ ಅಂಗಿಯೊಂದು ಎದ್ದಿತು. ಪೇದೆ ಕೂರಿಸಲು ಬಂದ, ಮಾವ ಕೂರಲಿಲ್ಲ. ಹೋಟೆಲಿನ ಹಿಂದಿಯಲ್ಲಿ ಹೇಳಿದರು: “ಸಾಹೇಬರೇ, ಇವನನ್ನು ಸಾಕಿದ್ದು ನಾನು. ನಿಮ್ಮ ಕಂಪ್ಯೂಟರಿನಲ್ಲಿ ನಾನು ಇಲ್ಲ.”

ನ್ಯಾಯಾಧೀಶರು ವಕೀಲರಿಂದ ವಿಷಯ ತಿಳಿದು, ಭೇಟಿಗೆ ಬಿಡಬೇಕೆಂದು ಆದೇಶ ಕೊಟ್ಟರು.

ಗಾಜಿನ ಆಚೆ ಫೋನು ಹಿಡಿದು ಕುಳಿತ ಮಾವನನ್ನು ಕಂಡು ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಪ್ಪ ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಗುಂಡಿ ಅಲುಗಿತು.

“ಸುಳ್ಳು ಬರೆದೆ ಅಂತ ನಿನ್ನನ್ನು ಒಳಗೆ ಹಾಕಿದ್ದಾರೆ. ನಿನ್ನನ್ನು ನೋಡ್ಲಿಕ್ಕೆ ನಾನೂ ಸುಳ್ಳು ಬರೆಸುದಾ ಮಾರಾಯ?”

ಆಮೇಲೆ, ಇಲ್ಲಿಯ ಸಾರಿಗೆ ಉಪ್ಪು ಹಾಕುತ್ತಾರಾ ಎಂದು ವಿಚಾರಿಸಿದರು. ಇಲ್ಲ ಎಂದೆ. ಹಾಗಾದರೆ ಬೇಗ ಹೊರಗೆ ಬಾ ಎಂದರು.

ಆದೇಶ ಕೈಯಲ್ಲಿದ್ದರೂ ಅವರು ಸುಮ್ಮನಾಗಲಿಲ್ಲ. ಬಂದಾಗಲೆಲ್ಲ ಪಟ್ಟಿ ಸರಿಯಾಯಿತಾ ಎಂದು ಗುಮಾಸ್ತನನ್ನು ಕೇಳುವರು. ನಿಮ್ಮ ಕೆಲಸ ಆಯಿತಲ್ಲ ಕಾಕಾ ಎಂದರೆ, ನನ್ನ ಹಿಂದೆ ನಿಂತವರದ್ದು ಆಗಲಿಲ್ಲವಲ್ಲ ಎನ್ನುವರು. ಕೊನೆಗೊಂದು ದಿನ ಪರದೆಯನ್ನೇ ತಮ್ಮ ಕಡೆ ತಿರುಗಿಸಿ ನೋಡಿದರಂತೆ. ಮಾಮಾ ಎಂದು ಸೇರಿತ್ತು. ಯಾರು ಸೇರಿಸಿದರೋ ಗೊತ್ತಿಲ್ಲ.

ನಾನು ಹೊರಬಂದು ವರ್ಷಗಳಾದವು. ಮೊನ್ನೆ ಮಾವ ತೀರಿಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಕುತ್ತಿಗೆ ಗುಂಡಿಯನ್ನು ನಾನೇ ಹಾಕಿದೆ.

ಸ್ಮಶಾನದ ಕಚೇರಿಯಲ್ಲೂ ಕಂಪ್ಯೂಟರು. ತೀರಿಕೊಂಡವರು ನಿಮಗೇನಾಗಬೇಕು ಎಂದು ಕಿಟಕಿಯವನು ಕೇಳಿದ. ಮಾಮಾ, ನಾನು ಅವರ ಭಾಚಾ ಎಂದು ಮರಾಠಿಯಲ್ಲಿ ಹೇಳಿದೆ. ಅವನು ಪಟ್ಟಿಯನ್ನು ಮೇಲೆ ಕೆಳಗೆ ಓಡಿಸಿ, ಅದು ಇದರಲ್ಲಿಲ್ಲ, ಮಗ ಎಂದು ಹಾಕುತ್ತೇನೆ, ಹಿಂದೆ ಜನ ಕಾಯುತ್ತಿದ್ದಾರೆ ಎಂದ.

“ಮಗ ಅಲ್ಲ,” ಎಂದೆ. “ಸೋದರಳಿಯ. ನಾನೂ ಕಾಯುತ್ತೇನೆ.”

ಅವನು ನನ್ನ ಮುಖ ನೋಡಿ, ಒಳಗಿನ ಸಾಹೇಬನನ್ನು ಕರೆಯಲು ಎದ್ದ. ನಾನು ಕಿಟಕಿ ಬಿಟ್ಟು ಕದಲಲಿಲ್ಲ.