ಅಮರಪ್ಪನಿಗಾಗಿ ನಿಲ್ಲುವ ಬಸ್ಸು

ಬಬಲೇಶ್ವರದ ಅಮರಪ್ಪ ಬಸ್ಸಿಗಾಗಿ ಎಂದೂ ಓಡಿದವನಲ್ಲ. ಮಮದಾಪುರದಿಂದ ವಿಜಯಪುರಕ್ಕೆ ಹೋಗುವ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ, ಒಣದ್ರಾಕ್ಷಿ ವ್ಯಾಪಾರದ ಈ ಮಹಾರಾಜರು ಎಲೆಯಡಿಕೆ ಜಗಿಯುತ್ತ ಚಿತ್ತೈಸುತ್ತಿದ್ದರು. "ನನ್ನ ಬಿಟ್ಟು ಬಸ್ಸು ಹೋಗೂದಿಲ್ಲೋ" ಎಂದು ಟಿಕೋಟಾದ ಬೀಗರ ಮುಂದೆ ಮೀಸೆ ತಿರುವಿದ್ದೇ ತಿರುವಿದ್ದು.

ಹೆಂಡತಿ ಗುರುಸಿದ್ದವ್ವ ಮಾತ್ರ ಪ್ರತಿಸಲ ಚೀಲ ಹೊತ್ತು ಮುಂದೆ ಓಡುತ್ತಿದ್ದಳು. ಯಾಕೆಂದು ಅವನು ಕೇಳಿದವನಲ್ಲ. ಹೆಂಗಸರಿಗೆ ಅವಸರ ಜಾಸ್ತಿ, ಅಷ್ಟೇ.

ಮಗಳು ಕಾವ್ಯಾ ದೆಹಲಿಯ ಸೈಕಲ್ ರೇಸಿನಲ್ಲಿ ಫೈನಲ್ ಮುಟ್ಟಿದಳು. ಅಪ್ಪ ಅವ್ವನಿಗೆ ಬೆಂಗಳೂರಿನಿಂದ ವಿಮಾನದ ಟಿಕೆಟ್ ತೆಗೆಸಿದಳು. ಅವಳು ಸೈಕಲ್ ಹತ್ತಿದ ದಿನ ಓಣಿಯೆಲ್ಲ ಕೇಳುವಂತೆ ಬೈದಿದ್ದ ಅಮರಪ್ಪನಿಗೆ ಈಗ ಒಂದೇ ಆಸೆ: ಗೆದ್ದ ಮಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅದಕ್ಕೆಂದೇ ತಲೆಗೆ ಸುತ್ತಲು ಹೊಸ ರೇಷ್ಮೆ ರುಮಾಲು ಕೊಂಡು ಹೆಂಡತಿಯ ಚೀಲದಲ್ಲಿಟ್ಟ.

ಬೆಂಗಳೂರು ಮುಟ್ಟಿ, ಇನ್ನೊಂದು ಬಸ್ಸು ಹತ್ತಿ ಏರ್‌ಪೋರ್ಟ್ ಸೇರಿದರು. ತಪಾಸಣೆ ಮುಗಿಯಿತು. ಗೇಟಿನಲ್ಲಿ ಇವರ ಹೆಸರು ಕೂಗಿದರು. ಎದುರಿನ ಅಂಗಡಿಯಲ್ಲಿ ಅಮರಪ್ಪ ಚಹಾ ಊದುತ್ತಿದ್ದ.

"ಏಳ್ರಿ, ಕರ್ಯಾಕತ್ತಾರ."

"ಕರೀಲಿ ಬಿಡ. ನೀ ನಡಿ, ಚಾ ಮುಗಿಸಿ ಬರ್ತೇನಿ."

ಗುರುಸಿದ್ದವ್ವ ಓಡಿದಳು. ಬಾಗಿಲೊಳಗೆ ಒಂದು ಕಾಲು, ಹೊರಗೊಂದು ಕಾಲು ಇಟ್ಟು ಕೈಮುಗಿದಳು. "ಯವ್ವಾ, ನಮ್ಮ ಮನಿಯವರು ಬಂದ್ರು, ಚೂರು ತಡಿ."

"ಬರೋದಾದ್ರೆ ಬನ್ನಿ ಅಮ್ಮ, ಇಲ್ಲಾಂದ್ರೆ ನೀವೂ ಉಳ್ಕೋತೀರಿ" ಎಂದಳು ಅಲ್ಲಿದ್ದ ಹುಡುಗಿ.

ಗುರುಸಿದ್ದವ್ವ ತಿರುಗಿ ಗಂಡನನ್ನು ನೋಡಿದಳು. ಅವನು ಕೂತಲ್ಲಿಂದಲೇ "ಬಂದೆ" ಎಂದು ಕೈಯೆತ್ತಿ ಇನ್ನೊಂದು ಗುಟುಕು ಹೀರಿದ. ಅವಳು ಹೊರಗಿದ್ದ ಕಾಲನ್ನೂ ಒಳಗಿಟ್ಟಳು.

ಅಮರಪ್ಪ ಬಾಯೊರೆಸಿಕೊಂಡು ಬಂದಾಗ ಬಾಗಿಲು ಮುಚ್ಚಿತ್ತು. "ಅಲ್ಲಾ, ನನ್ನ ಬಿಟ್ಟು ಹೆಂಗ ಹೋಗ್ತದರಿ?" ಎಂದು ಕೂಗಾಡಿದ. ಆರಾಮಾಗಿ ಹೋಯಿತು.

ಬಬಲೇಶ್ವರಕ್ಕೆ ಮರಳಿದ ಮೇಲೆ ಫೋನಿಗೆ ಫೋಟೋ ಬಂತು. ಕಾವ್ಯಾಳ ಕೊರಳಲ್ಲಿ ಪದಕ, ಪಕ್ಕದಲ್ಲಿ ಗುರುಸಿದ್ದವ್ವ, ಅವಳ ತಲೆಯ ಮೇಲೆ ಅವನದೇ ರೇಷ್ಮೆ ರುಮಾಲು. ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ವಿಜಯಪುರದಲ್ಲಿ ನಾಲ್ಕು ಜನರಿಗೆ ತೋರಿಸೋಣವೆಂದು ಎಂದಿನಂತೆ ಎಲೆಯಡಿಕೆ ಜಗಿಯುತ್ತ ಹೊರಟರೆ, ಬಸ್ಸು ಆಗಲೇ ಕದಲುತ್ತಿತ್ತು.

"ಲೇ ಯುನುಸ, ನಾ ಬರಾಕತ್ತೇನಿ, ಕಾಣೂದಿಲ್ಲೇನು?"

ಕಂಡಕ್ಟರ್ ಯುನುಸ ಬಾಗಿಲಿಂದ ಬಗ್ಗಿದ. "ನಿಮ್ಮ ಸಲುವಾಗಿ ಯಾವತ್ತ ನಿಂತಿತ್ರಿ ಬಸ್ಸು? ಅಕ್ಕಾರು ಬಾಗಲದಾಗ ಕಾಲಿಟ್ಟು ಕೈಮುಗೀತಿದ್ರು, ಅದಕ್ಕ ನಿಂದರ್ತಿತ್ತು!"

ಸೀಟಿ ಊದಿದ. ಅಮರಪ್ಪ ಧೋತರ ಎತ್ತಿಕೊಂಡು ಜೀವನದಲ್ಲಿ ಮೊದಲ ಸಲ ಓಡಿದ. ಬಸ್ಸು ಸಿಗಲಿಲ್ಲ.