ಒಂಬತ್ತು ವರದಿ, ಒಂದು ಮುಚ್ಚಿದ ಬಾಗಿಲು

ಬೆಳಗಿನ ಆರೂವರೆ. ವಾಂಡಾ ಯಾರೋಷ್ ಕೋಟನ್ನೂ ಕಳಚದೆ ಕಂಪ್ಯೂಟರ್ ಮುಂದೆ ಕೂತು ಆಗಲೇ ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ನಿನ್ನೆಯಿಂದ ಬಂದಿರುವ ವರದಿಗಳು ಹದಿನಾಲ್ಕು. ಅವರ ಬಗ್ಗೆ ಬರೆಯಲು ಬಂದಿರುವ ನನಗೂ ಒಂದನ್ನು ಓದಿ ಹೇಳುತ್ತಾರೆ: ವಿದ್ಯಾರ್ಥಿನಿಯೊಬ್ಬಳು ಪ್ರಿಂಟರ್ ಪಕ್ಕ ನಿಂತು ಅಳುತ್ತಿದ್ದಳು, ನನಗೆ ಕ್ಲಾಸಿಗೆ ಹೊತ್ತಾಗಿತ್ತು, ದಯವಿಟ್ಟು ಗಮನಿಸಿ.

"ನೋಡಿದ್ರಾ? ಇದನ್ನ ಟೈಪ್ ಮಾಡೋಕೆ ಐದು ನಿಮಿಷ ಸಿಕ್ತು ಮಹಾನುಭಾವನಿಗೆ. 'ಯಾಕಮ್ಮಾ ಅಳ್ತೀಯ' ಅನ್ನೋಕೆ ಅರ್ಧ ನಿಮಿಷ ಸಿಗಲಿಲ್ಲ!"

ಅಮೆರಿಕದ ಟೊಲೀಡೊ ನಗರದ ಕ್ಲೇವರ್ ವಿಶ್ವವಿದ್ಯಾಲಯ ಜೆಸ್ವಿಟ್ ಪಾದ್ರಿಗಳದ್ದು. ವಿದ್ಯಾರ್ಥಿಯ ನಡವಳಿಕೆ ಯಾರಿಗೆ ಆತಂಕ ತಂದರೂ ಒಂದು ಫಾರಂ ತುಂಬಬಹುದು. ಡೀನ್, ಆಪ್ತಸಮಾಲೋಚಕಿ, ಭದ್ರತೆಯ ಮುಖ್ಯಸ್ಥ, ಒಬ್ಬ ಫಾದರ್ ಸೇರಿ ಏಳು ಜನರ ತಂಡ ಮಂಗಳವಾರ ಕೂತು ಅದನ್ನೆಲ್ಲ ನೋಡುತ್ತದೆ. ಪ್ರತಿಯೊಬ್ಬರನ್ನೂ ಇಡಿಯಾಗಿ ನೋಡಿಕೊಳ್ಳಬೇಕು ಎಂಬುದು ಇಲ್ಲಿನ ಧ್ಯೇಯ. ಕಾಫಿ ಮಗ್ಗಿನ ಮೇಲೂ ಅಚ್ಚಾಗಿದೆ. ವರದಿಗಳನ್ನು ವಿಂಗಡಿಸುವ, ಮೆಟ್ಟಿಲು ಹತ್ತಿ ಹುಡುಗರ ಕೋಣೆ ಹುಡುಕುವ ವಾಂಡಾ ಅವರ ಹೆಸರು ಮಾತ್ರ ತಂಡದ ಪಟ್ಟಿಯಲ್ಲಿಲ್ಲ.

ಅರವತ್ತೊಂದರ ಈಕೆ ಮೊದಲು ಊಟದ ಹಾಲಿನ ಬಾಗಿಲಲ್ಲಿ ಕೂತು ಹತ್ತೊಂಬತ್ತು ವರ್ಷ ವಿದ್ಯಾರ್ಥಿಗಳ ಊಟದ ಕಾರ್ಡ್ ಯಂತ್ರಕ್ಕೆ ಉಜ್ಜಿದವರು. ಯಾವ ಹುಡುಗಿ ಎರಡು ದಿನದಿಂದ ಊಟಕ್ಕೆ ಬಂದಿಲ್ಲ ಎಂಬುದು ಇವರ ಬಾಯಲ್ಲೇ ಇರುತ್ತಿತ್ತು. ಅದನ್ನು ಕಂಡ ತಂಡದ ಫಾದರ್ ಮಲ್ಲೇನಿ ಆರು ವರ್ಷದ ಹಿಂದೆ ಈ ಆಫೀಸಿಗೆ ಕರೆತಂದರು. ಕಳೆದ ಸೆಮಿಸ್ಟರ್‌ನಲ್ಲಿ ಬಂದ ವರದಿಗಳು ನಾನೂರ ಹನ್ನೆರಡು. ವಾಂಡಾ ಅವರ ಎರಡೂ ಮಂಡಿಗೆ ಆಪರೇಷನ್ ಆಗಿದೆ. ಹಳೆಯ ಹಾಸ್ಟೆಲುಗಳಲ್ಲಿ ಲಿಫ್ಟ್ ಇಲ್ಲ.

ಡಾಸನ್ ಪ್ರುಯಿಟ್ ಹೆಸರೆತ್ತಿದರೆ ಇವರಿಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ನರ್ಸಿಂಗ್ ಎರಡನೇ ವರ್ಷದ ಹುಡುಗ, ಗುಡ್ಡದ ಕಡೆಯ ಸಣ್ಣ ಊರಿನವನು. ಮೂರು ವಾರದಲ್ಲಿ ಅವನ ಮೇಲೆ ಒಂಬತ್ತು ವರದಿ. ಲ್ಯಾಬಿನಲ್ಲಿ ಕಿರುಚಿ ಮಾತಾಡುತ್ತಾನೆ. ಹೆಣ್ಣುಮಕ್ಕಳ ಬಾಯನ್ನೇ ದಿಟ್ಟಿಸುತ್ತಾನೆ. ಕರೆದರೆ ತಿರುಗಿಯೂ ನೋಡದ ದುರಹಂಕಾರಿ. ತಂಡ ಮೂರು ಮೇಲ್ ಕಳಿಸಿತು, ಅವನು ಒಂದನ್ನೂ ತೆರೆಯಲಿಲ್ಲ. ಅಲ್ಲಿಗೆ 'ಅಸಹಕಾರ' ಎಂದು ಷರಾ ಬಿತ್ತು. ಅದರ ಮುಂದಿನ ಶುಕ್ರವಾರಕ್ಕೆ ಹಾಸ್ಟೆಲಿನಿಂದ ಹೊರಹಾಕುವ ವಿಚಾರಣೆ ನಿಗದಿಯಾಯಿತು. ಹಾಸ್ಟೆಲ್ ಹೋದರೆ ಅವನ ಓದೂ ಹೋದಂತೆಯೇ.

"ಒಂಬತ್ತು ಜನ! ಒಬ್ಬೊಬ್ರೂ ಬೇರೆಯವ್ರು ಮಾತಾಡಿಸಿರ್ತಾರೆ ಅಂದ್ಕೊಂಡಿದ್ದಾರೆ. ಫಾರಂ ತುಂಬಿದ್ರೆ ಕಾಳಜಿ ಮುಗೀತು ಇವ್ರಿಗೆ."

ವಾಂಡಾ ನಾಲ್ಕನೇ ಮಹಡಿ ಹತ್ತಿ ಬಾಗಿಲು ತಟ್ಟಿದರು. ಉತ್ತರವಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ತಟ್ಟುತ್ತಿರುವಾಗಲೇ ಡಾಸನ್ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದ, ಇವರನ್ನು ಕಂಡು ಬೆಚ್ಚಿಬಿದ್ದ. ಅವನ ಕಣ್ಣು ಇವರ ತುಟಿಯ ಮೇಲೇ ನೆಟ್ಟಿತ್ತು. ವಾಂಡಾಗೆ ತಕ್ಷಣ ಅಪ್ಪನ ನೆನಪಾಯಿತು. ಗಾಜಿನ ಕಾರ್ಖಾನೆಯ ಗದ್ದಲದಲ್ಲಿ ಐವತ್ತಕ್ಕೇ ಕಿವಿ ಕಳೆದುಕೊಂಡ ಅಪ್ಪನೂ ಹೀಗೇ ನೋಡುತ್ತಿದ್ದರು.

"ಎಷ್ಟು ದಿನ ಆಯ್ತೋ ಮರಿ, ಕಿವಿ ಕೇಳಿಸ್ದೆ?" ಎಂದು ನಿಧಾನವಾಗಿ, ತುಟಿ ಬಿಡಿಸಿ ಕೇಳಿದರು.

ಹುಡುಗ ಅವರ ಕೊರಳಿನ ಗುರುತಿನ ಚೀಟಿ ಓದಿ ಹೊಸ್ತಿಲಲ್ಲೇ ಕೂತ. "ಬೇಸಿಗೇಲಿ ಸೋಂಕಾಯ್ತು, ಮಿಸ್ ವಾಂಡಾ. ಹೇಳಿದ್ರೆ ನರ್ಸಿಂಗ್‌ನಿಂದ ತೆಗೀತಾರೆ. ನಿಮ್ಮ ಆಫೀಸಿನ ಮೇಲ್ ಬಂದೋರನ್ನೆಲ್ಲ ಮನೆಗೆ ಕಳಿಸ್ತಾರೆ ಅಂತ ಎಲ್ರೂ ಹೇಳ್ತಾರೆ."

ಮಂಗಳವಾರದ ಸಭೆಯಲ್ಲಿ ವಾಂಡಾ ಒಂಬತ್ತು ವರದಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದರು. ಎದುರಿನವರ ನಡೆಗೆ ಮೊದಲು ಒಳ್ಳೆಯ ಅರ್ಥ ಹುಡುಕಬೇಕೆಂಬುದು ಜೆಸ್ವಿಟರ ಹಳೆಯ ಪಾಠ. ಅದಕ್ಕೆ ಚೌಕಟ್ಟು ಹಾಕಿ ಆ ಕೋಣೆಯಲ್ಲೇ ತೂಗುಹಾಕಿದ್ದಾರೆ.

"ಫಾದರ್, ಇದನ್ನ ಗೋಡೆಯಿಂದ ಇಳಿಸ್ಬಿಡಿ, ಇಲ್ಲಾ ಇವ್ರಿಗೆಲ್ಲ ಒಂದ್ಸಲ ಓದಿ ಹೇಳಿ," ಎಂದರಂತೆ. ಫಾದರ್ ಮಲ್ಲೇನಿ ನಗಲಿಲ್ಲ. "ನನ್ನನ್ನೂ ಸೇರಿಸಿ ಬೈತಿದ್ದೀಯ, ವಾಂಡಾ. ಬೈ," ಎಂದರಂತೆ.

ವಿಚಾರಣೆ ರದ್ದಾಯಿತು. ಡಾಸನ್‌ಗೆ ಶ್ರವಣ ಸಾಧನ ಬಂತು, ಸದ್ದನ್ನು ದೊಡ್ಡದು ಮಾಡುವ ಸ್ಟೆತಾಸ್ಕೋಪೂ ಬಂತು. ತಂಡ ತನ್ನಿಂದಾದ ಸುಧಾರಣೆಯನ್ನೂ ಮಾಡಿತು: ಫಾರಮ್ಮಿಗೆ 'ವಿದ್ಯಾರ್ಥಿಯನ್ನು ಮಾತನಾಡಿಸಿದಿರಾ?' ಎಂಬ ಹೊಸ ಅಂಕಣ. "ಈಗ ಎಲ್ರೂ ಮಾತಾಡಿಸ್ದೇನೇ 'ಹೌದು' ಅಂತ ಗುರುತು ಹಾಕ್ತಾರೆ," ಎಂದು ವಾಂಡಾ ತಲೆ ಹಿಡಿದುಕೊಳ್ಳುತ್ತಾರೆ. ನನಗೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹೆಮ್ಮೆ ಅನ್ನಿಸುವುದಿಲ್ಲವೇ ಎಂದರೆ ಕೈ ಕೊಡವುತ್ತಾರೆ. ಆಮೇಲೆ ಕೋಟು ಕಳಚುತ್ತಾ ತಾವಾಗಿಯೇ ಹೇಳುತ್ತಾರೆ:

"ಮೊನ್ನೆ ನರ್ಸಿಂಗ್ ಪರೀಕ್ಷೆಗೆ ರೋಗಿ ಬೇಕು ಅಂದ್ರು, ಹೋಗಿ ನಿಂತೆ. ಡಾಸನ್ ನನ್ನ ಎದೆಬಡಿತ ಎಣಿಸಿ ತೊಂಬತ್ತಾರು ಅಂದ. ಪರೀಕ್ಷಕಿಯೂ ಎಣಿಸಿದ್ಲು, ಅಷ್ಟೇ ಬಂತು. ಇವ್ನು ಅದನ್ನ ಬರ್ಕೊಂಡು ಸುಮ್ನಾಗಲಿಲ್ಲ. 'ಮೆಟ್ಟಿಲು ಹತ್ತಿ ಬಂದ್ರಲ್ವಾ ಮಿಸ್ ವಾಂಡಾ, ಮಂಡಿ ನೋಯ್ತಿದ್ಯಾ?' ಅಂತ ಕುರ್ಚಿ ಎಳೆದು ಹಾಕ್ದ. ಇಪ್ಪತ್ತೈದು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ಅದನ್ನ ವಿಚಾರಿಸ್ದೋನು ಅವನೊಬ್ನೇ."