ಪಂಚಶೀಲಾ ಟೀಚರ್ ಅಳೆದ ಅಂಗಾಲು

ಶಹಾಪುರದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿರುವ ಪಂಚಶೀಲಾ ಟೀಚರ್ ಊಟದ ಡಬ್ಬಿ ಮರೆತಾರು, ಉಕ್ಕಿನ ಸ್ಕೇಲು ಮರೆಯುವುದಿಲ್ಲ. ಅವರು ಬಂದರೆಂದರೆ ಬಟ್ಟೆ ಅಂಗಡಿಯವರು ಅರ್ಧ ಗೇಣು ಜಾಸ್ತಿಯೇ ಕತ್ತರಿಸುತ್ತಾರೆ. ಇಂಥ ವೀರವನಿತೆಯನ್ನು ಯಾದಗಿರಿಯ ಹತ್ತು ಕಿಲೋಮೀಟರ್ ಓಟಕ್ಕೆ ಬೂಟು ತಪಾಸಣೆಗೆ ನೇಮಿಸಿದ್ದು ಸಹಜವೇ. ಈಗಿನ ಬೂಟುಗಳು ಮನುಷ್ಯನನ್ನು ತಾವೇ ಓಡಿಸುತ್ತವಂತೆ! ಅದಕ್ಕೇ ತಳ ನಲವತ್ತು ಮಿಲಿಮೀಟರ್ ಮೀರಬಾರದು, ಒಳಗೆ ಕಾಲು ಚಿಮ್ಮಿಸುವ ಪ್ಲೇಟು ಒಂದಕ್ಕಿಂತ ಹೆಚ್ಚಿರಬಾರದು ಎಂದು ಜಗತ್ತಿನ ದೊಡ್ಡವರು ಕೂತು ತೀರ್ಮಾನಿಸಿದ್ದಾರೆ. ಆ ಬೆಳಿಗ್ಗೆ ಜಗತ್ತಿನ ನ್ಯಾಯವೆಲ್ಲ ಟೀಚರ್ ಸ್ಕೇಲಿನ ಮೇಲೆ ನಿಂತಿತ್ತು.

ಮೊದಲ ಇಬ್ಬರಿಗೆ ರಾಜ್ಯ ತಂಡದಲ್ಲಿ ಜಾಗ. ಟೀಚರ್ ಕೈಯಲ್ಲೇ ಕಲಿತ ವನದುರ್ಗದ ದೇವು ಅದಕ್ಕೆಂದೇ ಬಂದಿದ್ದ, ಊರವರು ಸೇರಿ ಕೊಡಿಸಿದ ಹೊಸ ಬೂಟು ಹಾಕಿಕೊಂಡು. ಅಳೆದರೆ ನಲವತ್ತೇಳು!

ಮುಖ್ಯ ವೀಕ್ಷಕ ಮಹೇಶಕುಮಾರರು ಬೂಟು ತಿರುವಿ ನೋಡಿ ಗಂಭೀರರಾದರು. ನಾಲ್ಕು ಫೋಟೊ ತೆಗೆದರು. "ಇದು ಯಾವ ದೇಶದ ತಂತ್ರಜ್ಞಾನ?"

"ಲಾರಿ ಟಾಯರ್ ರೀ ಸಾಹೇಬ್ರ," ಎಂದಳು ದೇವುನ ತಾಯಿ ಕರೆಮ್ಮ. "ಇಷ್ಟು ಚಲೋ ಬೂಟು ಸವೀಬಾರದಂತ ನಾನೇ ತಳಕ್ಕ ಮೊಳೆ ಹೊಡೆಸಿ ಬಡಿಸೀನ್ರಿ. ಹತ್ತು ವರ್ಷ ಏನೂ ಆಗಂಗಿಲ್ಲ."

"ಯವ್ವಾ, ಓಡೋದು ಹತ್ತು ಕಿಲೋಮೀಟರ್, ಹತ್ತು ವರ್ಷ ಅಲ್ಲ!" ದೇವು ತಲೆ ಚಚ್ಚಿಕೊಂಡ.

"ಕಿತ್ತು ತಗೊಂಡ್ ಬಾ," ಎಂದರು ಟೀಚರ್. "ನನ್ನ ಹುಡುಗ ಅಂತ ಒಂದು ಮಿಲಿಮೀಟರೂ ಬಿಡಂಗಿಲ್ಲ."

ಕಿತ್ತರೆ ಟಾಯರಿನ ಜೊತೆ ಬೂಟಿನ ಸ್ವಂತ ತಳವೂ ಎದ್ದು ಬಂತು. ಮೊಳೆ ಬಡಿದವನು ಅಷ್ಟು ಪ್ರಾಮಾಣಿಕ. ದೇವು ಬರಿಗಾಲಲ್ಲೇ ಓಡಿ ಎರಡನೆಯವನಾಗಿ ಬಂದ.

ಮೂರನೆಯವನ ಕೋಚ್ ವಿಶ್ವರಾಧ್ಯ ಸುಮ್ಮನಿರುವವರ ಪೈಕಿಯಲ್ಲ. "ಎಲ್ಲಾರ ತಳ ಅಳದೀರಿ, ಇವಂದು ಯಾಕಿಲ್ಲ? ಆ ಹಿಮ್ಮಡಿ ನೋಡ್ರಿ, ಕಲ್ಲಾಗ್ಯಾದ! ತಪಾಸಣೆ ಫಾರ್ಮ್ ಇಲ್ದ ಓಡ್ಯಾನ, ತಗದು ಹಾಕ್ರಿ!"

ಮಹೇಶಕುಮಾರರು ನಿಯಮ ಪುಸ್ತಕವನ್ನು ಎರಡು ಸಲ ತಿರುವಿದರು. ಬರಿಗಾಲು ತಪ್ಪೆಂದು ಎಲ್ಲಿಯೂ ಇರಲಿಲ್ಲ. ಫಾರ್ಮ್ ಬೇಡವೆಂದೂ ಇರಲಿಲ್ಲ. "ಫಾರ್ಮ್ ಇಲ್ಲದಿದ್ದರೆ ಹೆಸರು ಕಳಿಸೋಕಾಗಲ್ಲ," ಎಂದರು.

ಕರೆಮ್ಮನ ಮುಖ ಸಣ್ಣದಾಯಿತು. ಟೀಚರ್ ಅಲ್ಲೇ ಡಾಂಬರಿನ ಮೇಲೆ ಕೂತು ದೇವುನ ಪಾದ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯ ಒಡಕಿನೊಳಗೆ ಸ್ಕೇಲಿನ ಮೂಲೆ ಇಳಿಸಿದರು. ದೇವು ಹಲ್ಲು ಕಚ್ಚಿದ.

"ಐದು," ಎಂದರು. "ವಿಶ್ವರಾಧ್ಯ ಸರ್, ಇನ್ನೂ ಮೂವತ್ತೈದು ಬೆಳೀಲಿಕ್ಕೆ ಪರವಾನಗಿ ಅದ."

ಆಮೇಲೆ ಫಾರ್ಮನ್ನು ದುಂಡಗಿನ ಅಕ್ಷರದಲ್ಲಿ ತುಂಬಿದರು. ತಳದ ದಪ್ಪ: ಐದು ಮಿಲಿಮೀಟರ್. ಒಳಗಿನ ಪ್ಲೇಟು: ಇಲ್ಲ. ತಯಾರಕರು: ಕರೆಮ್ಮ, ವನದುರ್ಗ.

ಮಹೇಶಕುಮಾರರು ಎಂದಿನಂತೆ ಓದದೆಯೇ ಸೀಲು ಒತ್ತಿದರು.